ನಲವತ್ತಮೂರನೆಯ ಸ್ಪಾನರ್

ಮ್ಯಾಂಚೆಸ್ಟರಿನ ವಿದನ್‌ಶಾದ ಕನ್ನಡದವರ ಯಾವ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ ಊಟ ಮುಗಿದ ಮೇಲೆ ಪಾತ್ರೆ ಎಣಿಸುವ ಕೆಲಸ ಜಯಪ್ರಕಾಶರದು. ಯಾರೂ ಅವರಿಗೆ ಒಪ್ಪಿಸಿದ್ದಲ್ಲ, ಬೇಡವೆಂದು ತಡೆದವರೂ ಇಲ್ಲ. ಡಾಕ್ಟರ ಹೆಂಡತಿಯರು ತಂದ ಡಬ್ಬ, ಸೌಟು, ಹುಳಿಯ ಪಾತ್ರೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದರ ಮೇಲೂ ಬೆರಳಿಟ್ಟು, ಬಾಯಿಬಿಟ್ಟು ಎಣಿಸುತ್ತಾರೆ. ಒಂದು ಚಮಚ ಕಡಿಮೆಯಾದರೂ ಸಾಕು, ಮನೆಗೆ ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸಿ ಚೀಲ ತೆಗೆಸುವ ಪೈಕಿ. "ಅಂಕಲ್, ಅದು ಬರೀ ಪ್ಲಾಸ್ಟಿಕ್ ಚಮಚ" ಎಂದು ಯಾರಾದರೂ ನಕ್ಕರೆ, "ಚಮಚ ಪ್ಲಾಸ್ಟಿಕ್ ಇರಬಹುದಮ್ಮ, ಲೆಕ್ಕ ಪ್ಲಾಸ್ಟಿಕ್ ಅಲ್ಲ" ಎನ್ನುತ್ತಾರೆ.

ಅವರ ಹೆಂಡತಿ ಭಾಗೀರಥಿ ಅಲ್ಲೇ ಒಂದು ಜಿಪಿ ಸರ್ಜರಿಯಲ್ಲಿ, ಎಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ದಿನವಿಡೀ ಫೋನಿನಲ್ಲಿ ಜನರನ್ನು ಸಮಾಧಾನ ಮಾಡಿ ಸಾಕಾಗಿರುವ ಹೆಂಗಸು, ಮನೆಯಲ್ಲಿ ಸಮಾಧಾನದ ಮಾತು ಕಡಿಮೆ. "ಇವರು ಧಾರೆಯ ದಿನ ಅಕ್ಷತೆ ಕಾಳನ್ನೂ ಎಣಿಸಿದೋರು. ನನ್ನ ಪುಣ್ಯ, ಹೆಂಡತಿ ಒಬ್ಬಳೇ, ಎಣಿಸೋ ಕಷ್ಟ ಇಲ್ಲ" ಎಂದು ಎಲ್ಲರೆದುರಿಗೇ ಆಡಿಕೊಳ್ಳುತ್ತಾಳೆ. ಜಯಪ್ರಕಾಶರು ಮೀಸೆಯೊಳಗೇ ನಗುತ್ತಾರೆ.

ಎಣಿಸುವುದು ಅವರ ಕಸುಬೇ ಹೌದು. ಮ್ಯಾಂಚೆಸ್ಟರ್ ಏರ್‌ಪೋರ್ಟಿನ ಅಂಚಿನಲ್ಲಿರುವ, ವಿಮಾನ ರಿಪೇರಿ ಮಾಡುವ ಒಂದು ಹ್ಯಾಂಗರಿನಲ್ಲಿ ಅವರು ಇಪ್ಪತ್ತನಾಲ್ಕು ವರ್ಷದಿಂದ ಫಿಟ್ಟರ್. ವಿಮಾನದ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಉಂಟು. ಪಾಳಿ ಮುಗಿಯುವಾಗ ಪ್ರತಿಯೊಬ್ಬ ಫಿಟ್ಟರೂ ತನ್ನ ಟೂಲ್ ಬಾಕ್ಸಿನ ಒಂದೊಂದು ಸಾಮಾನನ್ನೂ ಅದರದರ ಗುಳಿಯಲ್ಲಿಟ್ಟು ಎಣಿಸಬೇಕು, ಎಷ್ಟೆಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಒಂದು ಕಡಿಮೆಯಾದರೆ ಅದು ಸಿಗುವವರೆಗೆ ವಿಮಾನ ಜಾಗ ಬಿಟ್ಟು ಕದಲುವಂತಿಲ್ಲ. ಪ್ರಯಾಣಿಕರು ಕೂರುವ ನೆಲದ ಅಡಿಯಲ್ಲಿ, ಪೈಲಟ್‌ನ ಕೈಯಿಂದ ಬಾಲದವರೆಗೆ ಕೇಬಲ್‌ಗಳು ಓಡುತ್ತವೆ. ಮರೆತುಬಿಟ್ಟ ಒಂದು ಸ್ಪಾನರ್ ಜಾರಿ ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಮೇಲೆ ಕೂತವರ ಗತಿ ದೇವರೇ ಬಲ್ಲ.

ಜಯಪ್ರಕಾಶರ ಪೆಟ್ಟಿಗೆಯಲ್ಲಿ ನಲವತ್ತಮೂರು ಸಾಮಾನು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗಿದ್ದಾಗ ಕೊಂಡದ್ದು, ಈ ದೇಶಕ್ಕೆ ಬರುವಾಗ ಬಟ್ಟೆಯ ಸೂಟ್‌ಕೇಸನ್ನು ಹಗುರ ಮಾಡಿ ಇದನ್ನು ಹೊತ್ತು ತಂದಿದ್ದರು. ಪ್ರತಿಯೊಂದರ ಹಿಡಿಯ ಮೇಲೂ ಕನ್ನಡದ 'ಜ' ಕೊರೆದಿದೆ. ಕೊರೆದುಕೊಟ್ಟವರು ಅವರಿಗೆ ಕೆಲಸ ಕಲಿಸಿದ ಹುಬ್ಬಳ್ಳಿ ಕಡೆಯ ಅಡಿವೆಪ್ಪ ಮೇಸ್ತ್ರಿ. "ಎಣಸಲಾರದ ಪೆಟ್ಟಿಗಿ ಮುಚ್ಚಬ್ಯಾಡೋ ತಮ್ಮಾ. ಬಾಯಿಬಿಟ್ಟು ಎಣಸು. ಮನಸನ್ಯಾಗ ಎಣಸಿದ್ದು ಸುಳ್ಳಾಗತೈತಿ" ಎನ್ನುತ್ತಿದ್ದರಂತೆ ಆ ಪುಣ್ಯಾತ್ಮ. ಇವರು ಇವತ್ತಿಗೂ ಹ್ಯಾಂಗರಿನಲ್ಲಿ ಕನ್ನಡದಲ್ಲೇ ಗಟ್ಟಿಯಾಗಿ ಎಣಿಸುತ್ತಾರೆ. ಪಕ್ಕದ ಬೆಂಚಿನ ಪೋಲೆಂಡಿನವನೊಬ್ಬನಿಗೆ ಕೇಳಿ ಕೇಳಿ ಮೂವತ್ತರವರೆಗೆ ಬಾಯಿಪಾಠವಾಗಿದೆ.

ಇಂಥ ಮನುಷ್ಯ ಜೂನ್ ತಿಂಗಳ ಆ ಮಂಗಳವಾರ, ಕೆಲಸದ ಕೊನೆಯ ದಿನ, ಬೆಳಿಗ್ಗೆ ಏಳು ಗಂಟೆಗೆ ಕಾಫಿ ಲೋಟ ಹಿಡಿದು ಹರಕೆಯ ಕುರಿಯ ಹಾಗೆ ಕೂತಿದ್ದರು. ಹನ್ನೊಂದು ಗಂಟೆಗೆ ಹ್ಯಾಂಗರಿನಲ್ಲಿ ಬೀಳ್ಕೊಡುಗೆ. ಮ್ಯಾನೇಜರ್ ಕೀರನ್ ಒಂದು ಮರದ ಫಲಕ ಮಾಡಿಸಿದ್ದ. ಅದರ ಮೇಲೆ ಏನು ಬರೆಸಿದ್ದಾನೆಂದು ಹಿಂದಿನ ವಾರವೇ ಬಾಯಿಬಿಟ್ಟಿದ್ದ. ಇಪ್ಪತ್ತನಾಲ್ಕು ವರ್ಷ, ಒಂದೇ ಒಂದು ಟೂಲ್ ಕಳೆಯಲಿಲ್ಲ. ಕೇಳಿದಾಗಿನಿಂದ ಜಯಪ್ರಕಾಶರಿಗೆ ಅನ್ನ ಸೇರುತ್ತಿರಲಿಲ್ಲ.

ಏಕೆಂದರೆ ಅದು ಸುಳ್ಳು. ಪೆಟ್ಟಿಗೆಯಲ್ಲಿ 'ಜ' ಇರುವ ಸಾಮಾನು ನಲವತ್ತೆರಡೇ. ನಲವತ್ತಮೂರನೆಯದು, ಬೆರಳುದ್ದದ ಒಂದು ಸಣ್ಣ ಸ್ಪಾನರ್, ಪಕ್ಕದೂರು ಸ್ಟಾಕ್‌ಪೋರ್ಟಿನ ಅಂಗಡಿಯಿಂದ ತಂದು ಗುಳಿ ತುಂಬಿಸಿದ್ದು. ಅಸಲು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ಅಥವಾ ಗೊತ್ತಿದೆಯೆಂದುಕೊಂಡಿದ್ದರು.

ಎರಡು ಸಾವಿರದ ನಾಲ್ಕನೆಯ ಇಸವಿ, ಅಕ್ಟೋಬರ್. ಎಪ್ಪತ್ತು ಸೀಟಿನ, ಎರಡು ಪ್ರೊಪೆಲರಿನ ಒಂದು ವಿಮಾನದಲ್ಲಿ, ಹನ್ನೆರಡನೆಯ ಸಾಲಿನ ಎಡಗಡೆ, ಕಾಲ ಬಳಿಯ ಹಲಗೆ ಬಿಚ್ಚಿ ಕೆಲಸ ಮಾಡುತ್ತಿದ್ದರು. ಮಧ್ಯಾಹ್ನ ಮೂರೂವರೆಗೆ ಭಾಗೀರಥಿಯ ಫೋನ್. ಆರು ವರ್ಷದ ಮಗಳು ಹರ್ಷಿತಾಗೆ ಸ್ಕೂಲಿನಲ್ಲಿ ಉಬ್ಬಸ ಬಂದು ಉಸಿರು ಸಿಕ್ಕಿಕೊಂಡಿದೆ, ಆಂಬ್ಯುಲೆನ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ. ಫೋನಿನಲ್ಲಿ ಹೆಂಡತಿಯ ಮಾತಿಗಿಂತ ಅಳುವೇ ಹೆಚ್ಚು ಕೇಳಿಸಿತು. ಜಯಪ್ರಕಾಶರು ಹಲಗೆ ಮುಚ್ಚಿ ಸ್ಕ್ರೂ ಬಿಗಿದರು, ಕೈಗೆ ಸಿಕ್ಕಿದ್ದನ್ನು ಪೆಟ್ಟಿಗೆಗೆ ತುಂಬಿದರು, ಹಾಳೆಯಲ್ಲಿ ನಲವತ್ತಮೂರು ಎಂದು ಬರೆದು ಸಹಿ ಹಾಕಿ ಓಡಿದರು. ಎಣಿಸಲಿಲ್ಲ. ಜೀವಮಾನದಲ್ಲಿ ಅದೊಂದು ದಿನ ಎಣಿಸಲಿಲ್ಲ.

ಮಗು ಸಂಜೆಗೆಲ್ಲ ಹಾಸಿಗೆಯಲ್ಲಿ ಎದ್ದು ಕೂತು ಟೋಸ್ಟ್ ತಿಂದಿತು. ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಒಂದು ಗುಳಿ ಖಾಲಿ. ವಿಮಾನ ಆಗಲೇ ಅರವತ್ತೆಂಟು ಜನರನ್ನು ಕೂರಿಸಿಕೊಂಡು ಹಾರಿಹೋಗಿತ್ತು.

ಆ ಕ್ಷಣವೇ ಮೇಲಿನವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇವರು ಆಗ ವರ್ಕ್ ಪರ್ಮಿಟ್ಟಿನ ಮೇಲಿದ್ದರು, ಇಲ್ಲೇ ನೆಲೆಸಲು ಬೇಕಾದ ಮುದ್ರೆ ಪಾಸ್‌ಪೋರ್ಟಿನಲ್ಲಿ ಬೀಳಲು ಎಂಟು ತಿಂಗಳು ಬಾಕಿ. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಅದೂ ಅಲ್ಲದೆ ನಾಚಿಕೆ. ನಾಳೆ ಹೇಳೋಣ ಎಂದುಕೊಂಡರು. ನಾಳೆ ಬಂದಾಗ, ವಿಮಾನ ಮುಂದಿನ ಸರ್ವಿಸ್‌ಗೆ ಬರುತ್ತದಲ್ಲ, ನಾನೇ ಹಲಗೆ ತೆಗೆದು ಎತ್ತಿಕೊಂಡುಬಿಡುತ್ತೇನೆ ಎಂದುಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ. ತಪ್ಪನ್ನು ತಪ್ಪಲ್ಲವೆನ್ನಲು ನಾನೇನೂ ಈ ಕಥೆ ಹೇಳುತ್ತಿಲ್ಲ. ತಪ್ಪೇ. ಅರವತ್ತೆಂಟು ಜನರ ಜೀವಕ್ಕಿಂತ ಒಂದು ಮುದ್ರೆ ದೊಡ್ಡದಾಗಿ ಕಂಡಿತು, ಅಷ್ಟೇ.

ವಿಮಾನ ಸರ್ವಿಸ್‌ಗೆ ಬರಲೇ ಇಲ್ಲ. ಆರು ವಾರದಲ್ಲಿ ಅದರ ಮಾಲೀಕ ಏರ್‌ಲೈನ್ ಕಂಪನಿಯವರು ಅದನ್ನು ಜಪಾನಿನ ಒಂದು ಸಣ್ಣ ಏರ್‌ಲೈನ್ ಕಂಪನಿಗೆ ಮಾರಿಬಿಟ್ಟರು. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಲ್ಲಿಂದ ಶುರುವಾಯಿತು ಅವರ ಕಾವಲು. ಏರ್‌ಪೋರ್ಟಿನ ಬೇಲಿಯ ಬಳಿ ದುರ್ಬೀನು ಹಿಡಿದು ವಿಮಾನದ ನಂಬರ್ ಬರೆದುಕೊಳ್ಳುವ ಹವ್ಯಾಸಿಗಳಿರುತ್ತಾರಲ್ಲ, ಅವರನ್ನು ಮಾತಾಡಿಸಿ ಜಪಾನಿನಲ್ಲಿ ಅದಕ್ಕೆ ಕೊಟ್ಟ ಹೊಸ ನಂಬರ್ ಪತ್ತೆ ಮಾಡಿದರು. ಫೋನಿನಲ್ಲಿ ವಿಮಾನಗಳ ದಾರಿ ತೋರಿಸುವ ಆ್ಯಪ್ ಬಂದ ಮೇಲೆ ಬೆಳಿಗ್ಗೆ ಎದ್ದೊಡನೆ ಮೊದಲು ಅದನ್ನು ತೆರೆಯುವುದು, ಹಳದಿ ಚುಕ್ಕೆ ಕ್ಷೇಮವಾಗಿ ಇಳಿದದ್ದು ನೋಡುವುದು, ಆಮೇಲೆ ಹಲ್ಲುಜ್ಜುವುದು. "ದೇವರ ಫೋಟೋಗೆ ಕೈ ಮುಗಿಯೋ ಮುಂಚೆ ವಿಮಾನಕ್ಕೆ ಮುಗೀತಾರೆ" ಎಂದು ಭಾಗೀರಥಿ ನಗುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಆ ಚುಕ್ಕೆ ಕಾಣದಾಯಿತು. ಕೆಲಸದಿಂದ ತೆಗೆದರೋ, ಗುಜರಿಗೆ ಹಾಕಿದರೋ. ಯಾರಿಗೂ ಏನೂ ಆಗಲಿಲ್ಲವೆಂಬ ಸಮಾಧಾನ ಬಂತೇ ಹೊರತು, ಹದಿನೇಳು ವರ್ಷ ಅಷ್ಟು ಜನರ ಕಾಲಡಿ ನನ್ನ ಸ್ಪಾನರ್ ಉರುಳಾಡುತ್ತಿತ್ತು ಎಂಬ ಮುಳ್ಳು ಹೋಗಲಿಲ್ಲ.

ಆ ಮಂಗಳವಾರ ಏಳು ಗಂಟೆ ಹತ್ತು ನಿಮಿಷಕ್ಕೆ ಮೇಜಿನ ಮೇಲಿದ್ದ ಫೋನ್ ಹೊಡೆದುಕೊಂಡಿತು. ಹರ್ಷಿತಾಳ ವಿಡಿಯೋ ಕಾಲ್. ಈಗ ಅವಳಿಗೆ ಇಪ್ಪತ್ತೇಳು. ಲೆಮಿಂಗ್ಟನ್ ಸ್ಪಾ ಎಂಬ ಊರಿನ ಒಂದು ವಿಡಿಯೋ ಗೇಮ್ ಸ್ಟುಡಿಯೋದಲ್ಲಿ ಕೆಲಸ. ಆಫೀಸಿನ ಕೆಲಸದ ಮೇಲೆ ಹತ್ತು ದಿನ ಜಪಾನಿಗೆ ಹೋಗಿದ್ದಳು. ಅಲ್ಲಿ ಆಗ ಮಧ್ಯಾಹ್ನ ಮೂರು ದಾಟಿತ್ತು.

"ಅಪ್ಪ, ಹ್ಯಾಪಿ ರಿಟೈರ್ಮೆಂಟ್. ನಾನೆಲ್ಲಿದೀನಿ ಗೆಸ್ ಮಾಡಿ."

ಅವಳ ಹಿಂದೆ ಒಂದು ವಿಶಾಲವಾದ ಶೆಡ್. ಮಕ್ಕಳ ಗಲಾಟೆ ಕೇಳುತ್ತಿತ್ತು. ನಗೋಯಾದಿಂದ ರೈಲಿನಲ್ಲಿ ಒಂದು ಗಂಟೆ ದೂರದ ವಿಮಾನ ಮ್ಯೂಸಿಯಂ ಅದು. ಮುಟ್ಟಬೇಡಿ ಎನ್ನುವ ಬೋರ್ಡೇ ಇಲ್ಲವಂತೆ. ಎಲ್ಲವನ್ನೂ ಮುಟ್ಟಬಹುದು, ಎಳೆಯಬಹುದು, ಕಾಕ್‌ಪಿಟ್ಟಿನಲ್ಲಿ ಕೂತು ಸ್ಟೀರಿಂಗ್ ತಿರುಗಿಸಿದರೆ ಬಾಲ ಅಲ್ಲಾಡುವುದು ಕಾಣುತ್ತದಂತೆ. ನಮ್ಮಪ್ಪನಿಗೆ ತೋರಿಸಬೇಕು ಎಂದುಕೊಂಡು ರಜೆಯ ದಿನ ಹುಡುಕಿಕೊಂಡು ಬಂದಿದ್ದಳು. ಫೋನ್ ಹಿಡಿದು ರಿವೆಟ್ ಹೊಡೆಯುತ್ತಿದ್ದ ಮಕ್ಕಳನ್ನು ತೋರಿಸಿದಳು, ಬಿಚ್ಚಿಟ್ಟ ಎಂಜಿನ್ ತೋರಿಸಿದಳು. ಜಯಪ್ರಕಾಶರಿಗೆ ಅಷ್ಟು ದಿನದಲ್ಲಿ ಮೊದಲ ಸಲ ಮುಖ ಅರಳಿತು.

"ಇನ್ನೊಂದು ಸರ್‌ಪ್ರೈಸ್ ಇದೆ. ಈ ಪ್ಲೇನ್ ಇದೆಯಲ್ಲ, ಒಳಗೆಲ್ಲ ಹೋಗಬಹುದು. ಬೋರ್ಡ್‌ನಲ್ಲಿ ಬರೆದಿದಾರೆ, ಇಟ್ ಕೇಮ್ ಫ್ರಮ್ ಮ್ಯಾಂಚೆಸ್ಟರ್. ಎರಡು ಸಾವಿರದ ನಾಲ್ಕರವರೆಗೆ ಅಲ್ಲೇ ಇತ್ತಂತೆ. ನೀವೇ ರಿಪೇರಿ ಮಾಡಿರಬಹುದು, ಅಲ್ವಾ?"

ಕ್ಯಾಮೆರಾ ತಿರುಗಿತು. ಬಿಳಿಯ ಮೈ, ಎರಡು ಪ್ರೊಪೆಲರ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಜಯಪ್ರಕಾಶರ ಕೈ ಹೆಗಲಿಗಲ್ಲ, ಎದೆಗೆ ಹೋಯಿತು. "ಪುಟ್ಟಿ, ಬಾಗಿಲ ಪಕ್ಕ ಒಂದು ಸಣ್ಣ ತಗಡು ಇರುತ್ತೆ. ಅದರಲ್ಲಿ ಸೀರಿಯಲ್ ನಂಬರ್ ಏನಿದೆ ಓದು" ಎಂದರು.

"ಫೋರ್, ಒನ್, ಸೆವೆನ್."

ಕಂಪನಿ ಬದಲಾಗಬಹುದು, ಬಣ್ಣ ಬದಲಾಗಬಹುದು, ಬಾಲದ ಮೇಲಿನ ನಂಬರ್ ಬದಲಾಗಬಹುದು. ಹುಟ್ಟುವಾಗ ಹೊಡೆದ ಆ ತಗಡು ಬದಲಾಗುವುದಿಲ್ಲ. ನಾನೂರ ಹದಿನೇಳು. ಅದೇ ವಿಮಾನ.

ಸುಮ್ಮನಿರಬಹುದಿತ್ತು. ಚೆನ್ನಾಗಿದೆ ಪುಟ್ಟಿ, ಫೋಟೋ ಕಳಿಸು ಎಂದು ಫೋನ್ ಇಟ್ಟು, ಹನ್ನೊಂದು ಗಂಟೆಗೆ ಫಲಕ ಇಸಕೊಂಡು ಬರಬಹುದಿತ್ತು. ಎದ್ದು ಹೋಗಿ ಕೈ ಹಾಕಿ ನೋಡುವಷ್ಟು ಹತ್ತಿರದಲ್ಲಿ ಅದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ. ಆದರೆ ಕೈ ಮಗಳದು. ಅವಳ ಕೈ ಹಾಕಿಸಬೇಕೆಂದರೆ ಅವಳಿಗೆ ಹೇಳಬೇಕು. ಚಿಕ್ಕಂದಿನಲ್ಲಿ ಬಣ್ಣದ ಪೆನ್ಸಿಲ್ ಎಣಿಸದೆ ಡಬ್ಬಿ ಮುಚ್ಚಿದರೆ ಗದರುತ್ತಿದ್ದ ಅಪ್ಪ ಇವರು.

"ಹನ್ನೆರಡನೇ ಸಾಲಿಗೆ ಹೋಗು" ಎಂದರು. "ಎಡಗಡೆ. ಕಿಟಕಿ ಸೀಟಿನ ಕಾಲ ಹತ್ತಿರ ಒಂದು ಹಲಗೆ ಇರುತ್ತೆ. ಅದನ್ನ ಬಿಚ್ಚೋಕೆ ಬಿಡ್ತಾರಾ ಕೇಳು."

"ಬಿಡ್ತಾರೆ, ಇಲ್ಲಿ ಮಕ್ಕಳಿಗೇ ಸ್ಕ್ರೂಡ್ರೈವರ್ ಕೊಡ್ತಾರೆ. ಯಾಕಪ್ಪ? ವಾಟ್ ಈಸ್ ದೇರ್?"

ಹೇಳಿದರು. ಉದ್ದ ಮಾಡದೆ, ಸಮಜಾಯಿಷಿ ಕೊಡದೆ ಹೇಳಿದರು. ಎಣಿಸದೆ ಸಹಿ ಹಾಕಿದ್ದು, ಮರುದಿನ ತಿಳಿದದ್ದು, ಬಾಯಿ ಮುಚ್ಚಿಕೊಂಡದ್ದು. ಉಬ್ಬಸದ ಮಾತು ಬಿಟ್ಟುಬಿಡಲು ನೋಡಿದರು. ಅವಳೇ ದಿನ ಲೆಕ್ಕ ಹಾಕಿದಳು.

"ನಾನು ಆಸ್ಪತ್ರೆಗೆ ಹೋದ ದಿನ ತಾನೇ? ನನ್ನಿಂದಾನಾ?"

"ನಿನ್ನಿಂದ ಯಾಕಾಗುತ್ತೆ? ಓಡಿ ಬಂದಿದ್ದು ನಿನಗೋಸ್ಕರ. ಮುಚ್ಚಿಟ್ಟಿದ್ದು ನನಗೋಸ್ಕರ."

ಒಲೆಯ ಮುಂದೆ ನಿಂತಿದ್ದ ಭಾಗೀರಥಿ ಇಷ್ಟೂ ಕೇಳಿಸಿಕೊಂಡಿದ್ದಳು. ಕಾವಲಿಯ ಮೇಲಿನ ದೋಸೆ ಸೀದು ಹೊಗೆಯೆದ್ದಿತು. ಅವಳು ಒಲೆ ಆರಿಸಿ ಬಂದು ಗಂಡನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಫೋನಿನಲ್ಲಿ ಹರ್ಷಿತಾಳ ಮೊಣಕೈ ಕಂಡಿತು, ವಿಮಾನದ ಚಾವಣಿ ಕಂಡಿತು. ಅವಳು ಫೋನನ್ನು ಸೀಟಿಗೆ ಒರಗಿಸಿ ಮಂಡಿಯೂರಿ ಸ್ಕ್ರೂ ಬಿಚ್ಚುತ್ತಿದ್ದಳು. ಎಂಟು ಸ್ಕ್ರೂ. ಜಯಪ್ರಕಾಶರು ಅರಿವಿಲ್ಲದೆ ಬಾಯಿಬಿಟ್ಟು ಎಣಿಸಿದರು. ಹಲಗೆ ಕೈಗೆ ಬಂತು. ಅವಳ ತೋಳು ಭುಜದವರೆಗೆ ಒಳಗೆ ಹೋಯಿತು.

"ಏನೂ ಇಲ್ಲಪ್ಪ."

"ಕೆಳಗೆ ನೋಡು. ಒಂದು ಅಡ್ಡ ಪಟ್ಟಿ ಇದೆಯಲ್ಲ, ಅದರ ಹಿಂದೆ."

"ಟಾರ್ಚ್ ಹಾಕಿದೀನಿ. ಕ್ಲೀನ್ ಇದೆ. ಧೂಳು ಕೂಡ ಇಲ್ಲ."

ಜಯಪ್ರಕಾಶರು ಫೋನಿನ ಮೇಲೆ ಇನ್ನಷ್ಟು ಬಗ್ಗಿದರು. ಇಲ್ಲಿಲ್ಲವೆಂದರೆ ಜಾರಿದೆ. ಜಾರಿದೆಯೆಂದರೆ ಕೇಬಲ್‌ಗಳ ಕಡೆಗೇ ಜಾರಿದೆ. ಎಷ್ಟು ವರ್ಷ, ಎಷ್ಟು ಸಲ ಹಾರಾಟ, ಎಷ್ಟು ಜನ. ಭಾಗೀರಥಿ ಅವರ ಮಣಿಕಟ್ಟು ಹಿಡಿದುಕೊಂಡಳು.

ಅಷ್ಟರಲ್ಲಿ ಫೋನಿನಲ್ಲಿ ಇನ್ನೊಂದು ಮುಖ ಬಗ್ಗಿತು. ಎಪ್ಪತ್ತರ ಆಸುಪಾಸಿನ, ನೀಲಿ ಟೋಪಿಯ ಮುದುಕ. ಮ್ಯೂಸಿಯಂನಲ್ಲಿ ಸಂಬಳವಿಲ್ಲದೆ ಸೇವೆ ಮಾಡುವ ಗೈಡ್, ಹೆಸರು ಕುರಾತಾ. ಹಿಂದೆ ಈ ವಿಮಾನವನ್ನು ಕೊಂಡ ಜಪಾನಿನ ಕಂಪನಿಯಲ್ಲೇ ಮೆಕ್ಯಾನಿಕ್ ಆಗಿದ್ದವನು. ವಿಮಾನದ ಮ್ಯಾನ್ಯುಅಲ್‌ಗಳು ಎಲ್ಲ ದೇಶದಲ್ಲೂ ಇಂಗ್ಲಿಷಿನಲ್ಲೇ ಇರುವುದರಿಂದ ಅವನಿಗೆ ಇಂಗ್ಲಿಷ್ ಬರುತ್ತಿತ್ತು, ಮ್ಯಾನ್ಯುಅಲ್ ಓದಿದ ಹಾಗೇ ಬರುತ್ತಿತ್ತು. ಏನು ಹುಡುಕುತ್ತಿದ್ದೀರಿ ಎಂದು ಹರ್ಷಿತಾಳನ್ನು ಕೇಳಿದ. ಒಂದು ಸ್ಪಾನರ್, ನಮ್ಮಪ್ಪನದು, ಎಂದಳು ಅವಳು.

ಮುದುಕ ಹಲಗೆ ನೋಡಿದ. ಹನ್ನೆರಡನೆಯ ಸಾಲಿನ ಅಂಕಿ ನೋಡಿದ. ಆಮೇಲೆ ತನ್ನ ಕಿರುಬೆರಳೆತ್ತಿ, "ಇಷ್ಟುದ್ದವೇ?" ಎಂದ.

ಅವನು ಮುಂದೆ, ಫೋನ್ ಹಿಡಿದ ಹರ್ಷಿತಾ ಹಿಂದೆ. ವಿಮಾನದಿಂದ ಇಳಿದು, ಮಕ್ಕಳು ಟೂಲ್ ಎಣಿಸುವ ಆಟವಾಡುತ್ತಿದ್ದ ಒಂದು ಬೆಂಚಿನ ಬಳಿ ಹೋದರು. ಬೆಂಚಿನ ಮೇಲೆ ಗೋಡೆಗೆ ಒಂದು ಗಾಜಿನ ಪೆಟ್ಟಿಗೆ. ಒಳಗೆ ಬಿಳಿ ಬಟ್ಟೆಯ ಮೇಲೆ ಬೆರಳುದ್ದದ ಸ್ಪಾನರ್. ಎಣ್ಣೆ ಹಚ್ಚಿ ಒರೆಸಿ ಇಟ್ಟದ್ದು, ತುಕ್ಕಿನ ಸುಳಿವಿಲ್ಲ. ಹರ್ಷಿತಾಗೆ ಕನ್ನಡ ಓದಲು ಸರಿಯಾಗಿ ಬಾರದು. ಆದರೆ ಅಪ್ಪನ ಪೆಟ್ಟಿಗೆಯ ಮೇಲೆ ಬೆರಳಾಡಿಸಿ ಬೆಳೆದವಳಿಗೆ ಆ ಒಂದು ಅಕ್ಷರ ಗೊತ್ತು.

"ಅಪ್ಪ, ಜ" ಎಂದಳು. ಅಂದವಳೇ ಅತ್ತುಬಿಟ್ಟಳು.

ಗಾಜಿನ ಕೆಳಗಿನ ಚೀಟಿಯನ್ನು ಕುರಾತಾನೇ ಓದಿ ಹೇಳಿದ. ಎರಡು ಸಾವಿರದ ಐದು, ಜನವರಿ. ವಿಮಾನ ಜಪಾನಿಗೆ ಬಂದು, ಒಬ್ಬ ಪ್ರಯಾಣಿಕನನ್ನೂ ಕೂರಿಸಿಕೊಳ್ಳುವ ಮೊದಲು ಮಾಡಿದ ತಪಾಸಣೆಯಲ್ಲಿ, ಹನ್ನೆರಡನೆಯ ಸಾಲಿನ ಎಡಗಡೆಯ ಹಲಗೆಯ ಹಿಂದೆ, ಅಡ್ಡ ಪಟ್ಟಿಯ ಮೇಲೆ ಸಿಕ್ಕಿದ್ದು. ಇಟ್ಟ ಜಾಗದಿಂದ ಕದಲಿರಲಿಲ್ಲ.

ಜಯಪ್ರಕಾಶರಿಗೆ ತಕ್ಷಣ ಅರ್ಥವಾಗಲಿಲ್ಲ. ಇನ್ನೊಮ್ಮೆ ಇಸವಿ ಕೇಳಿದರು. ಐದನೆಯ ಇಸವಿ. ಅಂದರೆ ಮರೆತ ಮೂರೇ ತಿಂಗಳಿಗೆ ಅದು ಹೊರಗೆ ಬಂದಿದೆ. ಹಾಗಾದರೆ ಅಷ್ಟು ವರ್ಷ ಬೆಳಗೆದ್ದು ಕಾದದ್ದು ಏನನ್ನು? ಮಂಜು ಬಿದ್ದ ದಿನ, ಬಿರುಗಾಳಿಯ ದಿನ, ಆ ಹಳದಿ ಚುಕ್ಕೆ ಇಳಿಯುವವರೆಗೆ ಉಸಿರು ಬಿಗಿಹಿಡಿದದ್ದು ಯಾಕೆ? ಅದರೊಳಗೆ ಏನೂ ಇರಲಿಲ್ಲ. ಹೋದ ಜೀವ ಬಂದ ಹಾಗಾಯಿತು, ಜೊತೆಗೇ ಇಪ್ಪತ್ತು ವರ್ಷ ಒಂದೇ ಸಲ ಮೈಮೇಲಿಂದ ಇಳಿದವು.

ಕುರಾತಾ ಫೋನನ್ನು ತನ್ನ ಕೈಗೆ ತೆಗೆದುಕೊಂಡ.

"ಇದು ನಿಮ್ಮದೇ?"

"ನನ್ನದೇ."

"ಇದೊಂದೇನಾ? ಬೇರೆ ಏನಾದರೂ ಒಳಗೆ ಬಿಟ್ಟಿದ್ದಿರಾ?"

"ಇಲ್ಲ. ಇದೊಂದೇ. ಮರುದಿನ ಎಣಿಸಿದೆ, ಇದೊಂದೇ ಕಡಿಮೆ."

ಮುದುಕ ತಲೆಯ ಮೇಲಿನ ಟೋಪಿ ತೆಗೆದ. ಆಮೇಲೆ ನಿಧಾನವಾಗಿ ಹೇಳಿದ. ಅದು ಸಿಕ್ಕಿದವನು ಅವನೇ. ಒಂದು ಸಿಕ್ಕಿತೆಂದರೆ ಇನ್ನೊಂದು ಇರಬಹುದಲ್ಲ. ಹೊಸ ವರ್ಷದ ರಜೆ ಬಿಟ್ಟು ನಾಲ್ಕು ದಿನ ಆ ವಿಮಾನದ ನೆಲವನ್ನೆಲ್ಲ ಕಿತ್ತು ಹುಡುಕಿದರು. ಸಿಗಲಿಲ್ಲ. ವಿಮಾನ ಮಾರಿದ ಏರ್‌ಲೈನ್ ಕಂಪನಿಗೆ ಪತ್ರ ಬರೆದರು, ಆ ಹೊತ್ತಿಗೆ ಅದು ಬಾಗಿಲು ಹಾಕಿತ್ತು. ಇದು ಯಾರದು, ಅವನ ಪೆಟ್ಟಿಗೆಯಲ್ಲಿ ಕಡಿಮೆಯಾದದ್ದು ಎಷ್ಟು ಎಂದು ಹೇಳುವವರೇ ಇರಲಿಲ್ಲ. ವಿಮಾನಕ್ಕೆ ಸಹಿ ಹಾಕಿ ಹಾರಲು ಬಿಟ್ಟವನೂ ಅವನೇ. ಹದಿನೇಳು ವರ್ಷ ಪ್ರತಿ ಸರ್ವಿಸಿನಲ್ಲೂ ಎರಡನೆಯದನ್ನು ಹುಡುಕಿದನಂತೆ.

"ನೀವು ಆವತ್ತೇ ಹೇಳಬೇಕಿತ್ತು" ಎಂದ. ದನಿ ಏರಿಸಲಿಲ್ಲ. ಒಂದೊಂದೇ ಪದ ಎತ್ತಿಟ್ಟ. "ನೀವು ಕೆಟ್ಟ ಮೆಕ್ಯಾನಿಕ್ ಅಲ್ಲ. ಈ ಹಿಡಿ ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು. ಆ ವರ್ಷ ನನ್ನ ತಾಯಿಯ ಮನೆಗೆ ನಾನು ಹಬ್ಬಕ್ಕೆ ಹೋಗಲಿಲ್ಲ."

"ತಪ್ಪಾಯಿತು" ಎಂದರು ಜಯಪ್ರಕಾಶರು. ಕಣ್ಣು ಒರೆಸಿಕೊಂಡರು. ಬೈಗುಳ ಇಷ್ಟು ಹಿತವಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಬೈಯಬೇಕಾದವರು ಬೈಯಲಿ ಎಂದು ಇಪ್ಪತ್ತು ವರ್ಷ ಬೆನ್ನು ಬಗ್ಗಿಸಿ ನಿಂತವರಿಗೆ ಕೊನೆಗೊಬ್ಬ ಸಿಕ್ಕಿದ್ದ.

ಕುರಾತಾ ತಲೆಬಾಗಿದ, ಇವರೂ ಬಾಗಿದರು. ಹೋಗುವ ಮುಂಚೆ ಅವನಿಗೊಂದು ಅನುಮಾನ ಉಳಿದಿತ್ತು. ಹಿಡಿಯ ಮೇಲಿನ ಆ ಗುರುತು ಏನು? ಅಪ್ರೆಂಟಿಸ್‌ಗಳಿಗೆಲ್ಲ ಅವನು ಅದು ಬಸವನಹುಳು ಎಂದೇ ಹೇಳಿಕೊಂಡು ಬಂದಿದ್ದನಂತೆ. ಹರ್ಷಿತಾ ಅಳುತ್ತಿದ್ದವಳು ನಕ್ಕುಬಿಟ್ಟಳು. ಅದು ನಮ್ಮಪ್ಪನ ಹೆಸರಿನ ಮೊದಲನೇ ಅಕ್ಷರ ಎಂದಳು. ಬೇಕಾದರೆ ಗಾಜು ತೆಗೆಸಿ ಕಳಿಸಿಕೊಡುತ್ತೇನೆ ಎಂದ ಕುರಾತಾ. ಜಯಪ್ರಕಾಶರು ಬೇಡವೆಂದರು. ಎಣಿಸುವುದು ಕಲಿಯುವ ಮಕ್ಕಳ ತಲೆಯ ಮೇಲೆ ಅದು ಅಲ್ಲೇ ಇರಲಿ.

ಫೋನ್ ಕೆಳಗಿಟ್ಟ ಮೇಲೆ ಅಡುಗೆಮನೆಯಲ್ಲಿ ಸೀದ ದೋಸೆಯ ವಾಸನೆ ಮಾತ್ರ ಉಳಿಯಿತು.

"ಇಪ್ಪತ್ತು ವರ್ಷ" ಎಂದಳು ಭಾಗೀರಥಿ. "ಬೆಳಗಾಗೆದ್ದು ಆ ಚುಕ್ಕೆ ನೋಡ್ತಿದ್ರಿ. ನಾನು ಹುಚ್ಚಿ ಥರ ನಗ್ತಿದ್ದೆ. ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನಿನ್ನ ಫೋನ್ ಬಂದಿದ್ದಕ್ಕೇ ಆಯ್ತು ಅಂತ ನಿನಗೆ ಅನ್ನಿಸುತ್ತೆ ಅಂತ."

"ಅನ್ನಿಸ್ತಿತ್ತು. ನಾಲ್ಕು ದಿನ ಅತ್ತು ಸುಮ್ನಾಗ್ತಿದ್ದೆ. ಆಮೇಲೆ ನಿಮ್ಮನ್ನ ಕೈ ಹಿಡಿದು ಕರ್ಕೊಂಡು ಹೋಗಿ ಹೇಳಿಸ್ತಿದ್ದೆ. ಬೆಂಗಳೂರಿಗೆ ವಾಪಸ್ ಹೋಗ್ತಿದ್ವಿ, ಅಷ್ಟೇ ತಾನೇ? ಅಲ್ಲೇನು ಅನ್ನ ಹುಟ್ತಿರ್ಲಿಲ್ವಾ?" ಅವಳು ಎದ್ದು ಸೆರಗಿಲ್ಲದ ಚೂಡಿದಾರಿನ ತೋಳಿನಲ್ಲೇ ಮುಖ ಒರೆಸಿಕೊಂಡಳು. "ಇರಿ, ಬೇರೆ ದೋಸೆ ಹೊಯ್ತೀನಿ. ಒಂದು ವಾರದಿಂದ ನೆಟ್ಟಗೆ ತಿಂದಿಲ್ಲ ನೀವು. ನಿಮ್ಮ ಜೊತೆ ಜಗಳ ಸಂಜೆಗೆ."

ಜಯಪ್ರಕಾಶರು ಐದು ದೋಸೆ ತಿಂದರು. ಎಣಿಸಿದವಳು ಭಾಗೀರಥಿ.

ಹನ್ನೊಂದು ಗಂಟೆಗೆ ಹ್ಯಾಂಗರಿನಲ್ಲಿ ಮೂವತ್ತು ಜನ ಸೇರಿದ್ದರು. ಕೇಕ್ ಇತ್ತು, ಸಮೋಸಾ ಇತ್ತು. ಕೀರನ್ ಫಲಕ ಎತ್ತಿಹಿಡಿದು ಅದರ ಮೇಲಿನ ಸಾಲು ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಯಪ್ರಕಾಶರು ಚಪ್ಪಾಳೆ ನಿಲ್ಲಲಿ ಎಂದು ಕಾದು, "ಇದರಲ್ಲೊಂದು ತಪ್ಪಿದೆ" ಎಂದರು.

ಬೆಳಿಗ್ಗೆ ಮಗಳಿಗೆ ಹೇಳಿದ್ದನ್ನೇ ಇವರಿಗೂ ಹೇಳಿದರು. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆಂದುಕೊಂಡಿದ್ದರು, ಆಗಲಿಲ್ಲ. ಮುಂದೆ ನಿಂತ ಹೊಸ ಅಪ್ರೆಂಟಿಸ್‌ಗಳ ಮುಖ ನೋಡುತ್ತಾ ಹೇಳಬೇಕಾಯಿತು. ಮುಗಿದಾಗ ಕೀರನ್ ಫಲಕವನ್ನು ಮೇಜಿನ ಮೇಲೆ ಬೋರಲು ಹಾಕಿದ. ಕಚೇರಿಗೆ ಹೋಗಿ ಒಂದು ಫಾರ್ಮ್ ತಂದ. "ಜೇಪೀ, ಇಪ್ಪತ್ತು ವರ್ಷ ಹಳೆಯದಾದರೂ ವರದಿ ವರದಿಯೇ. ನಾನು ಬರೆದುಕೊಳ್ಳಲೇಬೇಕು" ಎಂದ.

"ಬರೆದುಕೊಳ್ಳಿ" ಎಂದರು ಇವರು. "ಅದಕ್ಕೇ ಹೇಳಿದ್ದು."

ಇಬ್ಬರೂ ಕೂತು ಬರೆದರು. ಸೀರಿಯಲ್ ನಂಬರ್, ದಿನಾಂಕ, ಸಾಲು ಹನ್ನೆರಡು, ಎಡಗಡೆ. ಸಿಕ್ಕಿದ ಜಾಗ ಎಂಬ ಕಡೆ ಕೀರನ್ ಪೆನ್ನು ನಿಲ್ಲಿಸಿ ತಲೆಯೆತ್ತಿ ನೋಡಿದ. ಜಪಾನ್, ಗಾಜಿನ ಪೆಟ್ಟಿಗೆ, ಎಂದು ಜಯಪ್ರಕಾಶರು ಹೇಳಿದರು. ಅವನು ಹಾಗೇ ಬರೆದ. ಬರೆದ ಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ಸುತ್ತ ನಿಂತವರು ಅವನ ನಗುವನ್ನೇ ಕಾಯುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಯಾರೋ ಕೇಕ್ ಕೊಯ್ದರು.

ನಾಲ್ಕು ಗಂಟೆಗೆ ಕೊನೆಯ ಪಾಳಿ ಮುಗಿಯಿತು. ಜಯಪ್ರಕಾಶರು ಬೆಂಚಿನ ಮೇಲೆ ಪೆಟ್ಟಿಗೆ ತೆರೆದರು. ಸ್ಟಾಕ್‌ಪೋರ್ಟಿನ ಸ್ಪಾನರನ್ನು ತೆಗೆದು ಹ್ಯಾಂಗರಿನ ಸಾಮಾನುಗಳ ಟ್ರೇಗೆ ಹಾಕಿದರು. ಗುಳಿಯನ್ನು ಖಾಲಿ ಬಿಟ್ಟು, ಉಳಿದದ್ದರ ಮೇಲೆ ಒಂದೊಂದಾಗಿ ಬೆರಳಿಟ್ಟು ಎಣಿಸಿದರು. ಪಕ್ಕದ ಬೆಂಚಿನ ಪೋಲೆಂಡಿನವನು ಮೂವತ್ತರವರೆಗೆ ಜೊತೆಗೂಡಿದ.

ಹಾಳೆ ತುಂಬಿಸಲು ಕೀರನ್ ಪಕ್ಕಕ್ಕೆ ಬಂದು ನಿಂತಿದ್ದ. ಅಭ್ಯಾಸಬಲದಿಂದ, "ನಲವತ್ತಮೂರು ತಾನೇ?" ಎಂದ.

"ನಲವತ್ತೆರಡು" ಎಂದರು ಜಯಪ್ರಕಾಶರು. ಬರೆದು, ಸಹಿ ಹಾಕಿ, ಪೆಟ್ಟಿಗೆ ಮುಚ್ಚಿದರು.